ಆಗುಂಬೆ ಬಲ್ಲವರು ಸ್ಟೆಲ್ವಿಯೊ ಹತ್ತಬಹುದೆ?

ಪ್ರಶ್ನೆ: ನನಗೆ 59 ವರ್ಷ, ಊರು ತೀರ್ಥಹಳ್ಳಿ ಹತ್ತಿರ. ಮೂವತ್ತು ವರ್ಷದಿಂದ ಆಗುಂಬೆ ಘಾಟಿ ಹತ್ತಿ ಇಳಿಯುತ್ತಿದ್ದೇನೆ, ಒಂದು ಗೀರು ಬಿದ್ದಿಲ್ಲ. ಮಗ ಮ್ಯೂನಿಕ್‌ನಲ್ಲಿದ್ದಾನೆ. ಮೊಮ್ಮಗನ ಶಾಲೆಗೆ ರಜೆ ಅಂತ ಮೇ ತಿಂಗಳಲ್ಲಿ ನಾನು, ಮನೆಯವಳು, ಮಗಳು, ಮೊಮ್ಮಗ ಹೋಗುವವರಿದ್ದೇವೆ. ಬಾಡಿಗೆ ಕಾರು ತೆಗೆದುಕೊಂಡು ಇಟಲಿಯ ಸ್ಟೆಲ್ವಿಯೊ ಘಾಟಿಯನ್ನು ನಾನೇ ಓಡಿಸಬೇಕೆಂಬ ಆಸೆ. ಮಗ "ಅಪ್ಪಾ, 48 ತಿರುವು, ಬೇಡ" ಅನ್ನುತ್ತಾನೆ. ನಿಮ್ಮ ಅಭಿಪ್ರಾಯ? ಇನ್ನೊಂದು ವಿಷಯ, ಮನೆಯವಳಿಗೆ ಘಾಟಿಯಲ್ಲಿ ವಾಂತಿಯಾಗುತ್ತದೆ.

ಉತ್ತರ: ನಿಮ್ಮ ಮಗ ತಿರುವುಗಳ ಲೆಕ್ಕ ಹೇಳಿ ಹೆದರಿಸುತ್ತಿದ್ದಾರೆ. ತಿರುವಿಗೆ ಹೆದರಬೇಡಿ ಮಾರಾಯ್ರೇ. ಆಗುಂಬೆಯ ಹದಿನಾಲ್ಕು ತಿರುವನ್ನು ಆಷಾಢದ ಮಳೆಯಲ್ಲಿ, ಎದುರಿಗೆ ಬಸ್ಸು ಬರುವಾಗ ದಾಟಿದವರಿಗೆ ಸ್ಟೆಲ್ವಿಯೊದ ರಸ್ತೆ ಹೊಸ ಪಾಠವೇನೂ ಕಲಿಸುವುದಿಲ್ಲ. ಡಾಂಬರು ಚೆನ್ನಾಗಿದೆ, ಪ್ರತಿ ತಿರುವಿಗೂ ನಂಬರು ಇದೆ, ಎದುರು ಬರುವವರು ಬಹುಮಟ್ಟಿಗೆ ತಮ್ಮ ಪಾಲಿನ ರಸ್ತೆಯಲ್ಲೇ ಬರುತ್ತಾರೆ. ನನಗೆ ಚಿಂತೆ ಬೇರೆಯದು. ನಿಮ್ಮ ಮೂವತ್ತು ವರ್ಷದ ಅನುಭವ ನಿಮ್ಮ ಕೈಕಾಲಿನಲ್ಲಿ ಕೂತಿದೆ, ಮತ್ತು ಅದರಲ್ಲಿ ಅರ್ಧದಷ್ಟು ಅಲ್ಲಿ ತಿರುಗುಮುರುಗು. ಹೊಸದಾಗಿ ಲೈಸೆನ್ಸ್ ಪಡೆದವನಿಗೆ ಈ ತೊಂದರೆ ಇಲ್ಲ. ನಿಮಗಿದೆ, ನನಗೂ ಇತ್ತು.

ಅದಕ್ಕೂ ಮೊದಲು ದಿನಾಂಕದ ಮಾತು ಮುಗಿಸೋಣ. ಮೇ ತಿಂಗಳು ಅಂದಿರಿ. ಸ್ಟೆಲ್ವಿಯೊದ ನೆತ್ತಿ 2,757 ಮೀಟರ್ ಎತ್ತರದಲ್ಲಿದೆ. ಡಾಂಬರು ಹಾಕಿದ ಕಣಿವೆದಾರಿಗಳಲ್ಲಿ ಇಡೀ ಆಲ್ಪ್ಸ್‌ನಲ್ಲಿ ಅದನ್ನು ಮೀರಿಸುವುದು ಫ್ರಾನ್ಸಿನ ಇಸೆರಾನ್ ಒಂದೇ, ಅದೂ ಏಳು ಮೀಟರ್‌ನಿಂದ. ಚಳಿಗಾಲವಿಡೀ ಈ ರಸ್ತೆ ಹಿಮದಡಿ ಮುಚ್ಚಿರುತ್ತದೆ. ಸಾಮಾನ್ಯವಾಗಿ ಮೇ ಕೊನೆಗೋ ಜೂನ್ ಮೊದಲಿಗೋ ತೆರೆದರೆ ನವೆಂಬರ್ ಆರಂಭದವರೆಗೆ ಓಡಾಟ. ತೆರೆದ ಮೇಲೂ ಭರವಸೆ ಇಲ್ಲ. ಇಟಲಿಯ ದೊಡ್ಡ ಸೈಕಲ್ ಪಂದ್ಯ ಜಿರೊ 2013ರ ಮೇ 24ರಂದು ಈ ಘಾಟಿ ದಾಟಬೇಕಿತ್ತು. ಹಿಮ ಬಿದ್ದು ಆ ದಿನದ ಓಟವನ್ನೇ ರದ್ದು ಮಾಡಿದರು. ಮರುವರ್ಷ ಮೇ 27ರಂದು ಓಡಿಸಿದರು, ಸವಾರರು ಸುರಿಯುವ ಹಿಮದಲ್ಲಿ ನಡುಗುತ್ತ ಇಳಿದರು. ನಮ್ಮ ಶಾಲೆಗಳ ರಜೆಗೂ ಆಲ್ಪ್ಸ್‌ನ ಬೇಸಿಗೆಗೂ ಜಾತಕ ಕೂಡುವುದೇ ಇಲ್ಲ. ಪ್ರತಿವರ್ಷ ಎಷ್ಟೋ ಜನ ಟಿಕೆಟ್ ಮಾಡಿಸಿ ಆದಮೇಲೆ ನನ್ನನ್ನು ಕೇಳುತ್ತಾರೆ.

ಹಾಗಾಗಿ ಎರಡೇ ದಾರಿ. ಮೊಮ್ಮಗನನ್ನು ಬಿಟ್ಟು ಬರಲು ಮನಸ್ಸಾದರೆ ಸೆಪ್ಟೆಂಬರ್‌ನಲ್ಲಿ ಬನ್ನಿ. ಆಕಾಶ ತಿಳಿಯಾಗಿರುತ್ತದೆ, ಯುರೋಪಿನ ರಜೆಯ ಗದ್ದಲ ಇಳಿದಿರುತ್ತದೆ. ಒಂದೇ ಎಚ್ಚರಿಕೆ, ಆಗಸ್ಟ್ ಕೊನೆ–ಸೆಪ್ಟೆಂಬರ್ ಮೊದಲ ಹೊತ್ತಿಗೆ ಒಂದು ದಿನ ಘಾಟಿಯನ್ನು ಸೈಕಲ್‌ಗಳಿಗೆ ಮಾತ್ರ ಬಿಟ್ಟು ಕಾರುಗಳನ್ನು ತಡೆಯುತ್ತಾರೆ. ಆ ದಿನಾಂಕ ನೋಡಿಕೊಂಡು ಹೊರಡಿ. ಮೇ ತಿಂಗಳೇ ಆಗಬೇಕೆಂದರೆ ಸ್ಟೆಲ್ವಿಯೊ ಮರೆತು ಆಸ್ಟ್ರಿಯಾದ ಗ್ರೋಸ್‌ಗ್ಲಾಕ್ನರ್ ರಸ್ತೆಗೆ ಹೋಗಿ. ಅದು ಸಾಮಾನ್ಯವಾಗಿ ಮೇ ಮೊದಲ ಭಾಗದಲ್ಲೇ ತೆರೆಯುತ್ತದೆ. 1935ರಲ್ಲಿ, ಕಾರಿನವರು ನೋಡಿ ಖುಷಿಪಡಲಿ ಅಂತಲೇ ಕಟ್ಟಿದ 48 ಕಿಲೋಮೀಟರ್ ರಸ್ತೆ. ಸುಂಕ ದುಬಾರಿ, ಒಂದು ದಿನಕ್ಕೆ ಕಾರಿಗೆ ನಲವತ್ತು ಯೂರೊ ದಾಟುತ್ತದೆ. ಆದರೆ ರಸ್ತೆ ಅಗಲ, ತಿರುವು ಉದಾರ, ಅಲ್ಲಲ್ಲಿ ನಿಲ್ಲಲು ವಿಶಾಲ ಜಾಗ. ಎರಡೂ ಕಡೆ ಗೋಡೆಯಂತೆ ಕತ್ತರಿಸಿದ ಹಿಮದ ನಡುವೆ ಕಾರು ಹೋಗುವುದನ್ನು ಮೊಮ್ಮಗ ಮರೆಯಲಾರ. ನಿಜ ಹೇಳಬೇಕೆಂದರೆ ಬಲಬದಿಯಲ್ಲಿ ಮೊದಲ ಸಲ ಓಡಿಸುವವರಿಗೆ ನಾನು ಸ್ಟೆಲ್ವಿಯೊಗಿಂತ ಅದನ್ನೇ ಮೊದಲು ಹೇಳುತ್ತೇನೆ.

ಆದರೂ ನಿಮಗೆ ಸ್ಟೆಲ್ವಿಯೊನೇ ಬೇಕು ಅಂತ ಬಲ್ಲೆ. ಅದರ ಹುಟ್ಟು ತಿಳಿದರೆ ಅರ್ಧ ಭಯ ಹೋಗುತ್ತದೆ. ನೆಪೋಲಿಯನ್ ಸೋತ ಮೇಲೆ ಮಿಲಾನ್ ಸುತ್ತಲಿನ ಲೊಂಬಾರ್ದಿ ಸೀಮೆ ಆಸ್ಟ್ರಿಯಾ ಚಕ್ರವರ್ತಿಯ ಕೈಗೆ ಬಂತು. ವಿಯೆನ್ನಾದಿಂದ ಅಲ್ಲಿಗೆ ತನ್ನ ನೆಲದ ಮೇಲೇ ಒಂದು ದಾರಿ ಬೇಕೆಂದು 1820ರಿಂದ 1825ರೊಳಗೆ ಕಾರ್ಲೊ ದೊನೆಗಾನಿ ಎಂಬ ಎಂಜಿನಿಯರ್ ಈ ರಸ್ತೆ ಕಡಿದ. ಕಾರಿಗಲ್ಲ, ಕುದುರೆ ಗಾಡಿಗೆ. ತುಂಬಿದ ಗಾಡಿಯನ್ನು ಕುದುರೆ ಕಡಿದಾದ ಏರಿನಲ್ಲಿ ಎಳೆಯಲಾರದು. ಅದಕ್ಕೇ ಬೆಟ್ಟದ ಮೈಮೇಲೆ ರಸ್ತೆಯನ್ನು ಹಾವಿನಂತೆ ಮಡಚಿ ಮಡಚಿ ಏರನ್ನು ಸೌಮ್ಯ ಮಾಡಿದ. ಉತ್ತರದ ತಪ್ಪಲಿನ ಪ್ರಾದ್ ಊರು 915 ಮೀಟರ್‌ನಲ್ಲಿದೆ. ಅಲ್ಲಿಂದ ಸುಮಾರು 25 ಕಿಲೋಮೀಟರ್‌ನಲ್ಲಿ 1,800 ಮೀಟರಿಗೂ ಮಿಕ್ಕಿ ಏರುತ್ತೀರಿ, ಸರಾಸರಿ ನೂರಕ್ಕೆ ಏಳರ ಏರು, ಅಷ್ಟೆ. ತಿರುವು ಜಾಸ್ತಿ ಇರುವುದೇ ಏರು ಕಡಿಮೆಯಾಗಲೆಂದು. 48 ಎಂಬ ಸಂಖ್ಯೆ ನಿಮ್ಮ ಪರವಾಗಿದೆ, ಮಗನಿಗೆ ಹೇಳಿ.

ಈಗ ಕೈಕಾಲಿನ ವಿಷಯ. ನಾವು ರಸ್ತೆಯ ಎಡಬದಿಯವರು. ನಮಗೆ ಎಡಕ್ಕೆ ತಿರುಗುವ ಹೇರ್‌ಪಿನ್ ಇಕ್ಕಟ್ಟು, ಏಕೆಂದರೆ ಒಳಮೈ ನಮ್ಮ ಪಾಲಿಗೆ ಬರುತ್ತದೆ. ಬಲಕ್ಕೆ ತಿರುಗುವುದು ಸಲೀಸು, ಹೊರಮೈಯಲ್ಲಿ ದೊಡ್ಡ ಸುತ್ತು. ಅಲ್ಲಿ ಬಲಬದಿ ಓಡಿಸುವುದರಿಂದ ಇದು ಪೂರ್ತಿ ಉಲ್ಟಾ. ಬಲ ತಿರುವು ಬಂದಾಗ ನಿಮ್ಮ ಮೈ "ಇದು ಸುಲಭದ್ದು" ಅಂತ ಸಡಿಲಾಗುತ್ತದೆ. ಆದರೆ ಅದೇ ಕಷ್ಟದ್ದು. ಒಳಮೈಯಲ್ಲಿ ರಸ್ತೆ ದಿಢೀರ್ ಕಡಿದಾಗಿ ಏಳುತ್ತದೆ, ಸುತ್ತು ಕಿರಿದು. ಕಾರು ಉಸಿರುಗಟ್ಟಿ ನಿಲ್ಲುವುದೋ ಎದುರಿನವರ ಪಾಲಿಗೆ ನುಗ್ಗುವುದೋ ಇಲ್ಲಿಯೇ. ಬಲ ತಿರುವು ಅಂತ ಕಂಡ ಕೂಡಲೇ, ತಿರುಗುವ ಮೊದಲೇ, ಎರಡನೇ ಗೇರಿಗೆ ಬನ್ನಿ. ಸಣ್ಣ ಎಂಜಿನ್ನಿನ ಕಾರಿಗೆ ನಾಲ್ಕು ಜನರ ಭಾರವಿದ್ದರೆ ಒಂದನೇ ಗೇರೂ ಬೇಕಾದೀತು. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮುಕ್ಕಾಲಿಗಿಂತ ತುಸು ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಕಾಲು ಭಾಗ ಶಕ್ತಿ ಕಳೆದುಕೊಂಡಿರುತ್ತದೆ. ಗಾಡಿ ಕೆಟ್ಟಿದೆ ಅಂತ ಅಂದುಕೊಳ್ಳಬೇಡಿ.

ಎರಡನೆಯದು ಕಾರಿನ ಮೈಯಳತೆ. ನಿಮ್ಮ ಮನಸ್ಸಿನಲ್ಲಿ ಕಾರು ನಿಮ್ಮ ಎಡಕ್ಕೆ ಚಾಚಿಕೊಂಡಿದೆ. ಅಲ್ಲಿ ನೀವು ಎಡಕ್ಕೆ ಕೂತಿರುತ್ತೀರಿ, ಕಾರೆಲ್ಲ ಬಲಕ್ಕೆ. ಹೊಸಬರು ಗೊತ್ತಿಲ್ಲದೆಯೇ ಬಲಕ್ಕೆ ಸರಿಯುತ್ತ ಹೋಗುತ್ತಾರೆ. ನನ್ನ ಮೊದಲ ಬೇಸಿಗೆಯಲ್ಲಿ ಟ್ರಾಫೊಯ್ ಹಳ್ಳಿ ದಾಟಿದ ಮೇಲೆ ಮುಂದಿನ ಬಲ ಚಕ್ರ "ಕರ್‌ರ್" ಅಂತ ಕಲ್ಲುಕಟ್ಟೆಗೆ ಉಜ್ಜಿದ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಇಳಿದು ನೋಡಿದರೆ ಅಲಾಯ್ ಚಕ್ರದ ಅಂಚಿನಲ್ಲಿ ಒಂದು ಗೇಣುದ್ದ ಬೆಳ್ಳಿಯ ಗೀರು. ಬಾಡಿಗೆಯವರು ಆ ಗೀರಿಗೆ ವಸೂಲಿ ಮಾಡಿದ ಹಣದಲ್ಲಿ ಊರಿನಲ್ಲಿ ನಾಲ್ಕು ಟಯರು ಬರುತ್ತಿದ್ದವು. ಅಂದಿನಿಂದ ನನ್ನದೊಂದು ಉಪಾಯವಿದೆ: ನನ್ನ ಎಡ ಮೊಣಕೈ ನಡುಗೆರೆಯ ಕಡೆ ಇದೆ ಅಂತ ಮನಸ್ಸಿನಲ್ಲೇ ಹೇಳಿಕೊಳ್ಳುವುದು. ಸ್ಟೀರಿಂಗ್ ಹಿಡಿದವನ ಮೈ ಯಾವಾಗಲೂ ರಸ್ತೆಯ ನಡುವಿಗೆ ಹತ್ತಿರ, ಅಲ್ಲೂ ಅದೇ, ಇಲ್ಲೂ ಅದೇ. ಇನ್ನು ಇಂಡಿಕೇಟರ್ ಕಡ್ಡಿ ಎಡಕ್ಕಿರುತ್ತದೆ. ಮೊದಲ ಎರಡು ದಿನ ನೀವು ಪ್ರತಿ ತಿರುವಿಗೂ ಮಳೆಯಿಲ್ಲದೆ ವೈಪರ್ ಆಡಿಸುವವರೇ. ಮೊಮ್ಮಗ ನಗಲಿ ಬಿಡಿ.

ಈ ಕಾರಣಕ್ಕೇ ಮ್ಯೂನಿಕ್‌ನಲ್ಲಿ ಇಳಿದ ಮರುದಿನವೇ ಬೆಟ್ಟಕ್ಕೆ ಹೋಗಬೇಡಿ. ಎರಡು ದಿನ ಬಯಲಿನಲ್ಲಿ ಓಡಿಸಿ. ಭಾನುವಾರ ಅಲ್ಲಿ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ರಸ್ತೆ ಖಾಲಿ, ಒಳ್ಳೇ ಅವಕಾಶ. ಗೇರು ಆಟೊಮ್ಯಾಟಿಕ್ ತೆಗೆದುಕೊಳ್ಳಿ, ಬಲಗೈಯಲ್ಲಿ ಗೇರು ಹಾಕುವುದೂ ಇನ್ನೊಂದು ಉಲ್ಟಾ ಆಗುವುದು ಬೇಡ. ಊರಿನ ಆರ್‌ಟಿಒದಿಂದ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ, ಒಂದು ವರ್ಷ ನಡೆಯುತ್ತದೆ. ಅಸಲು ಲೈಸೆನ್ಸೂ ಜೊತೆಗಿರಲಿ. ಇಟಲಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ಮೂರಕ್ಕೂ ಕಾರು ಒಯ್ಯಬಹುದೆಂದು ಬಾಡಿಗೆ ಕಾಗದದಲ್ಲಿ ಬರೆದಿದೆಯೇ ನೋಡಿ. ಕಾಗದಪತ್ರದ ಮಾತು ಇಷ್ಟೇ.

ಹತ್ತುವಾಗಿನ ಒಂದು ಸಂತೋಷ ಹೇಳುತ್ತೇನೆ. ನಂಬರು ಕೆಳಗಿನಿಂದ 48ರಲ್ಲಿ ಶುರುವಾಗಿ ಮೇಲೆ ಹೋದಂತೆ ಇಳಿಯುತ್ತದೆ, ನೆತ್ತಿಯ ಕೆಳಗಿನದು 1. ಟ್ರಾಫೊಯ್‌ವರೆಗೆ, ಅದರಾಚೆ ಸ್ವಲ್ಪ ದೂರ, ಕಾಡಿನೊಳಗೆ. ಎಡಗಡೆ 3,905 ಮೀಟರ್ ಎತ್ತರದ ಓರ್ಟ್ಲರ್ ಶಿಖರ ಮರಗಳ ಸಂದಿಯಲ್ಲಿ ಇಣುಕುತ್ತಿರುತ್ತದೆ. 2,188 ಮೀಟರಿನ ಫ್ರಾಂಜೆನ್ಸ್‌ಹ್ಯೋಹೆಯಲ್ಲಿ ಮರ ಮುಗಿದು ಎದುರಿನ ಬೋಳು ಗೋಡೆಯ ಮೇಲೆ ಇನ್ನುಳಿದ ಅಷ್ಟೂ ತಿರುವು ಒಂದರ ಮೇಲೊಂದು ಒಟ್ಟಿಗೆ ಕಾಣುತ್ತವೆ. ಯಾರೋ ಬಿಳಿ ದಾರ ಬಿಸಾಕಿದ ಹಾಗೆ. ಅಲ್ಲಿ ನಿಲ್ಲಿಸಿ, ಹತ್ತು ನಿಮಿಷ ನೋಡಿ. ಫೋಟೊಗಾಗಿ ಅಲ್ಲ, ಓದುವುದಕ್ಕಾಗಿ: ಆಗುಂಬೆಯಲ್ಲಿ ಕಾಡಿನಿಂದಾಗಿ ಮುಂದಿನ ತಿರುವಿನಲ್ಲಿ ಏನಿದೆಯೆಂದು ಗೊತ್ತಾಗದು, ಇಲ್ಲಿ ಮರವಿಲ್ಲದ್ದರಿಂದ ಮೇಲಿನ ಐದಾರು ತಿರುವಿನಲ್ಲಿ ಯಾವ ಬಸ್ಸು ಇಳಿಯುತ್ತಿದೆ, ಎಷ್ಟು ಬೈಕು ಬರುತ್ತಿವೆ ಎಲ್ಲ ಕಾಣುತ್ತದೆ. ತಿರುವಿಗೆ ಮುಂಚೆ ಪಕ್ಕದ ಕಿಟಕಿಯಿಂದ ಒಮ್ಮೆ ತಲೆಯೆತ್ತಿ ಮೇಲೆ ನೋಡುವುದು ರೂಢಿಯಾಗಲಿ. ಬಸ್ಸು ಬರುತ್ತಿದ್ದರೆ ತಿರುವಿನ ಹೊಟ್ಟೆಯೊಳಗೆ ಹೋಗಿ ಸಿಕ್ಕಿಕೊಳ್ಳಬೇಡಿ, ಇಪ್ಪತ್ತು ಮೀಟರ್ ಕೆಳಗೇ ಬಲಕ್ಕೆ ಒತ್ತಿ ನಿಲ್ಲಿ. ಬಸ್ಸಿಗೆ ಇಡೀ ತಿರುವು ಬೇಕು.

ಏರುವವರಿಗೆ ದಾರಿ ಬಿಡುವುದು ನಮ್ಮಲ್ಲೂ ಕಾನೂನು, ಅಲ್ಲೂ ರೂಢಿ. ಆದರೆ ಅಲ್ಲಿ ಜನ ಅದನ್ನು ನಂಬಿಯೇ ಓಡಿಸುತ್ತಾರೆ, ನೀವು ಇಳಿಯುವಾಗ ನೆನಪಿರಲಿ. ಹಾರ್ನ್? ಕುರುಡು ತಿರುವಿನಲ್ಲಿ ಒಮ್ಮೆ ಹಾಕಿದರೆ ತಪ್ಪಿಲ್ಲ. ಸೈಕಲ್ಲಿನವನ ಬೆನ್ನ ಹಿಂದೆ ಮಾತ್ರ ಬೇಡ. ಅಲ್ಲಿ ಅದು ಎಚ್ಚರಿಕೆಯಲ್ಲ, ಬೈಗುಳ. ಸೈಕಲ್ಲಿಗರು ನೂರಾರು ಇರುತ್ತಾರೆ, ನಿಮ್ಮಷ್ಟೇ ವಯಸ್ಸಿನವರೂ ಬೆವರು ಸುರಿಸಿ ಹತ್ತುತ್ತಿರುತ್ತಾರೆ. ಒಂದೂವರೆ ಮೀಟರ್ ಜಾಗ ಬಿಟ್ಟು ದಾಟಲಾಗದಿದ್ದರೆ ಮುಂದಿನ ನೇರದವರೆಗೆ ಅವರ ಹಿಂದೆಯೇ ಹೋಗಿ. ಬೈಕಿನವರದು ಬೇರೆ ಕಥೆ. ಶನಿವಾರ–ಭಾನುವಾರ ಅವರ ಹಾವಳಿ, ಎಡಗನ್ನಡಿಯಲ್ಲಿ ಇಲ್ಲದವನು ಕಣ್ಣುಮಿಟುಕಿಸುವಷ್ಟರಲ್ಲಿ ಪಕ್ಕದಲ್ಲಿರುತ್ತಾನೆ. ವಾರದ ನಡುವೆ, ಬೆಳಿಗ್ಗೆ ಏಳಕ್ಕೆ ಪ್ರಾದ್ ಬಿಡಿ.

ಇನ್ನು ಇಳಿಯುವುದು. ಈ ಉತ್ತರದಲ್ಲಿ ಒಂದೇ ಒಂದು ಭಾಗ ಓದುತ್ತೀರಿ ಅಂದರೆ ಇದನ್ನು ಓದಿ, ಏಕೆಂದರೆ ಬ್ರೇಕು ನನ್ನ ಹೊಟ್ಟೆಪಾಡಿನ ಕಸುಬು.

ನಾಲ್ಕು ಜನ, ಸಾಮಾನು ಸೇರಿ ನಿಮ್ಮ ಕಾರು 1,800 ಕಿಲೊ ಅಂದುಕೊಳ್ಳಿ. ನೆತ್ತಿಯಿಂದ ಪ್ರಾದ್‌ಗೆ ಇಳಿದಾಗ ಅದು ಬಿಟ್ಟುಕೊಡುವ ಶಕ್ತಿ ಸುಮಾರು 9 ಯುನಿಟ್ ಕರೆಂಟಿಗೆ ಸಮ. ನಮ್ಮ ಭಾಷೆಯಲ್ಲಿ ಹೇಳುವುದಾದರೆ 90 ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವವರೆಗೆ ಕಾಯಿಸಬಹುದು, ಬಚ್ಚಲಿನ ದೊಡ್ಡ ಹಂಡೆ ತುಂಬ. ಸ್ವಲ್ಪ ಪಾಲನ್ನು ಗಾಳಿ, ಟಯರು ತಿನ್ನುತ್ತವೆ. ಉಳಿದದ್ದನ್ನು ಎಂಜಿನ್ನಿಗೆ ಕೊಡುತ್ತೀರೋ ಬ್ರೇಕಿಗೆ ಕೊಡುತ್ತೀರೋ ಅನ್ನುವುದಷ್ಟೇ ನಿಮ್ಮ ಆಯ್ಕೆ. ಬ್ರೇಕಿಗೇ ಕೊಟ್ಟರೆ ನಾಲ್ಕು ಕಬ್ಬಿಣದ ತಟ್ಟೆಗಳ ಮೇಲೆ ಆ ಹಂಡೆಯ ಬೆಂಕಿ. ಬ್ರೇಕ್ ಆಯಿಲ್ ಹೊಸದಿದ್ದಾಗ 230 ಡಿಗ್ರಿಯವರೆಗೆ ಕುದಿಯದು. ಆದರೆ ಅದು ಗಾಳಿಯ ತೇವ ಹೀರುತ್ತದೆ, ಹಳತಾದಂತೆ ಕುದಿಬಿಂದು 155ರ ಹತ್ತಿರಕ್ಕೂ ಇಳಿಯಬಹುದು. ಕುದಿದರೆ ಕೊಳವೆಯಲ್ಲಿ ಆವಿ. ಆವಿಯನ್ನು ಒತ್ತಿದರೆ ಅದು ಕುಗ್ಗುತ್ತದೆಯೇ ಹೊರತು ಚಕ್ರ ಹಿಡಿಯುವುದಿಲ್ಲ. ಪೆಡಲು ಹತ್ತಿಯ ಮೇಲೆ ಕಾಲಿಟ್ಟಂತೆ ನೆಲ ಮುಟ್ಟುತ್ತದೆ.

ಲಾರಿಯವರ ಹಳೆಯ ಮಾತು ನಿಮಗೆ ಗೊತ್ತೇ ಇದೆ, ಹತ್ತಿದ ಗೇರಿನಲ್ಲೇ ಇಳಿ ಅಂತ. ಅದೇ. ಆಟೊಮ್ಯಾಟಿಕ್ ಕಾರಿನಲ್ಲಿ ಎಲ್ಲರೂ 'ಡಿ'ಯಲ್ಲಿಟ್ಟು ಬ್ರೇಕಿನ ಮೇಲೆ ಕಾಲಿಟ್ಟು ಇಳಿಯುತ್ತಾರೆ, ತಪ್ಪು. ಗೇರಿನ ಕಡ್ಡಿಯನ್ನು 'ಎಂ'ಗೆ, ಅಂದರೆ ಗೇರನ್ನು ನಾವೇ ಆರಿಸುವ ಜಾಗಕ್ಕೆ, ಸರಿಸಿ ಎರಡಕ್ಕೆ ಇಳಿಸಿ. ಹೈಬ್ರಿಡ್ ಆಗಿದ್ದರೆ 'ಬಿ' ಅಂತ ಒಂದಿರುತ್ತದೆ. ಎಂಜಿನ್ ಗೊರಗೊರ ಅನ್ನುತ್ತದೆ, ಅನ್ನಲಿ. ಬ್ರೇಕನ್ನು ತಿರುವಿಗೆ ಮುಂಚೆ ಒಮ್ಮೆ ಗಟ್ಟಿಯಾಗಿ ಒತ್ತಿ ಪೂರ್ತಿ ಬಿಡಿ. ಸವರಿಕೊಂಡೇ ಇರಬೇಡಿ, ಬಿಟ್ಟಾಗಲೇ ಅದು ತಣ್ಣಗಾಗುವುದು. ಇನ್ನು, ತಪ್ಪು ತಿಳಿಯಬೇಡಿ, ನಮ್ಮ ಕಡೆಯ ಅನುಭವಸ್ಥರಿಗೆ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸುವ ಚಾಳಿ ಇರುತ್ತದೆ. ನನ್ನ ಸೋದರಮಾವನಿಗಿತ್ತು. ಈಗಿನ ಎಂಜಿನ್ನುಗಳು ಗೇರಿನಲ್ಲಿ ಇಳಿಯುವಾಗ, ಆಕ್ಸಿಲರೇಟರ್ ಬಿಟ್ಟರೆ, ಪೆಟ್ರೋಲನ್ನೇ ಕುಡಿಯುವುದಿಲ್ಲ, ನ್ಯೂಟ್ರಲ್‌ನಲ್ಲೇ ಕುಡಿಯುವುದು. ಉಳಿತಾಯವೂ ಇಲ್ಲ, ಹಿಡಿತವೂ ಇಲ್ಲ.

ಸುಟ್ಟ ಬೆಲ್ಲಕ್ಕೂ ರಬ್ಬರಿಗೂ ನಡುವಿನದೊಂದು ವಾಸನೆ ಬಂದರೆ ಸಿಕ್ಕಿದ ಮೊದಲ ಸಮತಟ್ಟು ಜಾಗದಲ್ಲಿ ನಿಲ್ಲಿಸಿ 'ಪಿ'ಗೆ ಹಾಕಿ, ಬ್ರೇಕಿನಿಂದ ಕಾಲು ತೆಗೆಯಿರಿ. ಅರ್ಧ ಗಂಟೆ ಕಾಯಿರಿ. ನೀರು ಸುರಿಯಬೇಡಿ, ಕಾದ ತಟ್ಟೆ ಸೊಟ್ಟಗಾಗುತ್ತದೆ. ಪೆಡಲು ಮೆತ್ತಗಾಗಿಬಿಟ್ಟಿದ್ದರೆ ಗೇರು ಇನ್ನೂ ಕೆಳಕ್ಕೆ ತಂದು, ಪೆಡಲನ್ನು ಪದೇಪದೇ ಒತ್ತುತ್ತ, ಬೆಟ್ಟದ ಗೋಡೆಯ ಪಕ್ಕಕ್ಕೆ ಸೇರಿಸಿ ನಿಲ್ಲಿಸುವುದೇ ದಾರಿ. ಇಷ್ಟರವರೆಗೆ ಬರುವುದು ಬೇಡ.

ನೆತ್ತಿಯ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇಸರಪಡಬೇಡಿ. ಅದೊಂದು ಜಾತ್ರೆ. ಟೀ ಶರ್ಟ್ ಅಂಗಡಿ, ಸಾಸೇಜು ಸುಡುವ ಹೊಗೆ, ಸಾಲುಸಾಲು ಬೈಕು. ಸಸ್ಯಾಹಾರಿಗಳಾದರೆ ಬುತ್ತಿ ಒಯ್ಯಿರಿ. ಕೆಳಗಿಗಿಂತ ಹನ್ನೆರಡು ಡಿಗ್ರಿ ತಣ್ಣಗಿರುತ್ತದೆ, ಆಗಸ್ಟ್‌ನಲ್ಲೂ ಸ್ವೆಟರ್ ಬೇಕು. ತುಸು ಮೇಲೆ ನಡೆದರೆ ಟಿಬೆಟ್ ಗುಡಿಸಲು ಎಂಬ ಹೋಟೆಲಿದೆ, 48 ತಿರುವಿನ ಆ ಹೆಸರಾಂತ ನೋಟ ಕಾಣುವುದು ಅಲ್ಲಿಂದ. ಏದುಸಿರು ಬಂದರೆ ಎತ್ತರದಿಂದ, ನಿಧಾನ ನಡೆಯಿರಿ. ಅದಕ್ಕೂ ಮೇಲೆ ಮೂರು ಭಾಷೆಗಳ ಶಿಖರ ಎಂಬ ಹೆಸರಿನ ಗುಡ್ಡ: ಇಟಾಲಿಯನ್, ಜರ್ಮನ್, ರೋಮಾನ್ಶ್ ಸೀಮೆಗಳು ಕೂಡುವ ಜಾಗ. ಮೊದಲ ಮಹಾಯುದ್ಧದಲ್ಲಿ ಇದೇ ಗುಡ್ಡಸಾಲಿನ ಮೇಲೆ ಇಟಲಿ, ಆಸ್ಟ್ರಿಯಾ ಸೈನಿಕರು ಹಿಮದಲ್ಲಿ ಗುಂಡಿ ತೋಡಿ ಕೂತಿದ್ದರು. ಯುದ್ಧ ಮುಗಿದ ಮೇಲೆ ಉತ್ತರದ ಕಣಿವೆಯೂ ಇಟಲಿಗೆ ಹೋಯಿತು, ಆದರೆ ಜನ ಇಂದಿಗೂ ಜರ್ಮನ್ ಆಡುತ್ತಾರೆ. ಅದಕ್ಕೇ ಫಲಕಗಳಲ್ಲಿ ಪ್ರತಿ ಊರಿಗೂ ಎರಡು ಹೆಸರು. ಸ್ಟಿಲ್ಫ್ಸರ್ ಯೋಖ್ ಅಂತ ಬರೆದಿದ್ದರೂ ಅದು ನಿಮ್ಮ ಸ್ಟೆಲ್ವಿಯೊವೇ, ದಾರಿ ತಪ್ಪಿತೆಂದು ವಾಪಸ್ ತಿರುಗಬೇಡಿ.

ಹತ್ತಿದ ದಾರಿಯಲ್ಲೇ ಇಳಿಯುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ನೆತ್ತಿಯಿಂದ ಆಚೆ ಬದಿಯ ಬೋರ್ಮಿಯೊ ಊರಿನ ಕಡೆಗೆ ಮೂರು ಕಿಲೋಮೀಟರ್ ಇಳಿದರೆ ಬಲಕ್ಕೆ ಊಂಬ್ರೈಲ್ ಎಂಬ ಸಣ್ಣ ದಾರಿ ಒಡೆದು ಸ್ವಿಟ್ಜರ್ಲೆಂಡಿಗೆ ಹೋಗುತ್ತದೆ. ಕಿರಿದು, ಆದರೆ ಶಾಂತ. ಹಸುಗಳ ಗಂಟೆ, ಮಾರ್ಮೊಟ್ ಎಂಬ ದಪ್ಪ ಅಳಿಲಿನಂಥ ಪ್ರಾಣಿಯ ಸಿಳ್ಳು ಬಿಟ್ಟರೆ ಸದ್ದಿಲ್ಲ. ಸಾಂಟಾ ಮರಿಯಾ ಊರಿಗೆ ಇಳಿದು, ಮ್ಯೂಸ್ಟೈರ್‌ನ ಸಾವಿರ ವರ್ಷಕ್ಕೂ ಹಳೆಯ ಮಠದ ಭಿತ್ತಿಚಿತ್ರ ನೋಡಿ, ಕೋಟೆಯೊಳಗಿನ ಪುಟ್ಟ ಊರು ಗ್ಲುರ್ನ್ಸ್ ಮೂಲಕ ಮತ್ತೆ ಪ್ರಾದ್‌ಗೆ ಬರಬಹುದು. ಒಟ್ಟು ಅರವತ್ತು ಕಿಲೋಮೀಟರ್ ಆಸುಪಾಸಿನ ಸುತ್ತು, ಒಂದು ದಿನಕ್ಕೆ ಬೇಕಾದಷ್ಟು. ಇದರಲ್ಲಿ ಹೆದ್ದಾರಿ ಇಲ್ಲದ್ದರಿಂದ ಸ್ವಿಸ್ ಹೆದ್ದಾರಿಯ ಸ್ಟಿಕ್ಕರೂ ಬೇಡ. ಪಾಸ್‌ಪೋರ್ಟ್ ಮಾತ್ರ ಜೇಬಿನಲ್ಲಿರಲಿ. ಮ್ಯೂನಿಕ್‌ನಿಂದ ಬರುವಾಗ ರೆಶೆನ್ ಕಣಿವೆಯ ಮೇಲೆ ಬಂದರೆ ಕೆರೆಯ ನಡುವೆ ಒಂದು ಇಗರ್ಜಿಯ ಗೋಪುರ ಮಾತ್ರ ನೀರಿನಿಂದ ಎದ್ದು ನಿಂತಿರುವುದು ಕಾಣುತ್ತದೆ. 1950ರಲ್ಲಿ ಅಣೆಕಟ್ಟಿಗಾಗಿ ಊರು ಮುಳುಗಿಸಿದರು. ಹಾಸನದ ಶೆಟ್ಟಿಹಳ್ಳಿಯನ್ನು ಕಂಡವರು ಅಲ್ಲಿ ಸುಮ್ಮನೆ ದಾಟಿಹೋಗಲಾರರು.

ನಿಮ್ಮ ಮನೆಯವರ ವಿಷಯ. ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಕಣ್ಣು ದೂರದ ಬೆಟ್ಟದ ಮೇಲಿರಲಿ, ಮೊಬೈಲ್ ಬೇಡ. ಹೊಟ್ಟೆ ಖಾಲಿಯೂ ಬೇಡ, ತುಂಬಿಯೂ ಬೇಡ, ಎರಡು ಇಡ್ಲಿಯಷ್ಟು. ಮಾತ್ರೆಯಾದರೆ ಊರಿನಲ್ಲೇ ಡಾಕ್ಟರನ್ನು ಕೇಳಿ ತನ್ನಿ, ಹೊರಡುವ ಅರ್ಧ ಗಂಟೆ ಮುಂಚೆ ಕೊಡಿ. ವಾಂತಿ ಶುರುವಾದ ಮೇಲೆ ಕೊಟ್ಟು ಉಪಯೋಗವಿಲ್ಲ. ಆದರೆ ದೊಡ್ಡ ಔಷಧ ನಿಮ್ಮ ಬಲಗಾಲು. ನೇರದಲ್ಲಿ ಜೋರಾಗಿ ಎಳೆದು ತಿರುವಿನಲ್ಲಿ ಒತ್ತಿ ಹಿಡಿಯುವ ಡ್ರೈವರ್ ಹಿಂದೆ ಯಾರ ಹೊಟ್ಟೆಯೂ ನಿಲ್ಲದು. ಬ್ರೇಕಿಗಾಗಿ ಹೇಳಿದ ಕ್ರಮವೇ, ಅಂದರೆ ಗೇರಿನಲ್ಲಿ ನಿಧಾನ, ಒಂದೇ ವೇಗ, ಅವರ ಹೊಟ್ಟೆಗೂ ಒಳ್ಳೆಯದು. ಗೊಮಗೊಯ್, ಟ್ರಾಫೊಯ್, ಫ್ರಾಂಜೆನ್ಸ್‌ಹ್ಯೋಹೆ ಮೂರರಲ್ಲೂ ನಿಲ್ಲಿಸಿ. ಯಾವುದಾದರೊಂದು ಕಡೆ "ಸಾಕು, ವಾಪಸ್ ಹೋಗೋಣ" ಅಂದರೆ ನಂಬರು ಎಷ್ಟೇ ಬಾಕಿಯಿರಲಿ ತಿರುಗಿಸಿ. ಎರಡನೇ ಗೇರಿನಲ್ಲಿ.